ಓ ಎನ್ನುವವರೆಗೆ

ಬೆಳಿಗ್ಗೆ ಐದೂಮುಕ್ಕಾಲು. ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆಸುವ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಮೇಜಿನ ಕೆಳಗಿನಿಂದ ಎರಡು ಪಾದಗಳು ಮಾತ್ರ ಕಾಣುತ್ತಿವೆ. ನೀಲಿ ತಂತಿಯ ತುದಿ ಗೋಡೆಯ ತೂತಿನಲ್ಲಿ 'ಟಕ್' ಎಂದು ಕೂರುತ್ತದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೊಂಟ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಎಂಟಕ್ಕೆ ಕಿಟಕಿ ತೆರೆಯುತ್ತದೆ. ಅಷ್ಟರಲ್ಲಿ ಈ ಹೊಸ ಕಂಪ್ಯೂಟರಿಗೆ ಒಂದು ನಂಬರು ಸಿಗಬೇಕು.

ಇಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಇವರು 'ನಂಬರಕ್ಕ'. ಆಸ್ಪತ್ರೆಯ ಇನ್ನೂರ ಹನ್ನೊಂದು ಕಂಪ್ಯೂಟರುಗಳಿಗೆ ಐಪಿ ವಿಳಾಸ ಕೊಟ್ಟವರು ಇವರೇ. ವಿಳಾಸವಿಲ್ಲದ ಯಂತ್ರ ಎಷ್ಟೇ ಹೊಸದಾಗಿದ್ದರೂ ನೆಟ್‌ವರ್ಕಿನ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೆ. ಅದನ್ನು ಮುಖ ನೋಡಿಯೇ ತಿಳಿದುಕೊಂಡ ನಂಬರಕ್ಕ ಬಿಡಿಸಿ ಹೇಳುತ್ತಾರೆ. "ನಾಲ್ಕು ನಂಬರು, ಮಧ್ಯೆ ಚುಕ್ಕಿ. ಮೊದಲ ಮೂರು ನಮ್ಮ ಬೀದಿ ಇದ್ದಂಗೆ, ಎಲ್ಲರಿಗೂ ಒಂದೇ. ಕೊನೇದು ಮನೆ ನಂಬರು. ಒಂದೇ ನಂಬರಿಗೆ ಇಬ್ರು ಬಂದು ಕೂತ್ರೆ ಇಬ್ರ ಬಾಯೂ ಕಟ್ಟಿಹೋಗುತ್ತೆ."

ಹೊಸದಕ್ಕೆ ಅರವತ್ಮೂರು ಕೊಡುವ ಯೋಚನೆ. ಮೊದಲು ಪಕ್ಕದ ಕಂಪ್ಯೂಟರಿನಿಂದ ಆ ನಂಬರನ್ನು ಕರೆಯುತ್ತಾರೆ. "ಇದು ನಾಲ್ಕು ಸಲ ಕರೆಯುತ್ತೆ. ಒಳಗೆ ಯಾರಾದ್ರೂ ಇದ್ರೆ ಓ ಅಂತಾರೆ." ನಾಲ್ಕು ಸಲವೂ ಉತ್ತರವಿಲ್ಲ. ಸರಿ, ಖಾಲಿ ಇದೆ ಎಂದುಕೊಳ್ಳುತ್ತೇನೆ ನಾನು. ನಂಬರಕ್ಕ ಮಾತ್ರ ಗೆರೆ ಹಾಕಿದ ಉದ್ದನೆಯ ಪುಸ್ತಕವನ್ನೂ ಬೀಗದ ಕೈಗೊಂಚಲನ್ನೂ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗುತ್ತಾರೆ.

ಎರಡು ವರ್ಷದ ಹಿಂದೆ ಹೀಗೇ ಒಂದು ನಂಬರು ಓ ಅನ್ನಲಿಲ್ಲವೆಂದು ರಕ್ತಪರೀಕ್ಷೆಯ ಕೋಣೆಗೆ ಕೊಟ್ಟುಬಿಟ್ಟಿದ್ದರು. ಆ ನಂಬರಿನ ಹಳೆಯ ಯಂತ್ರ ಉಗ್ರಾಣದಲ್ಲಿ ಆಫ್ ಆಗಿ ಬಿದ್ದಿತ್ತು. ಮಧ್ಯಾಹ್ನ ಯಾರೋ ಅದರ ಗುಂಡಿ ಒತ್ತಿದರು. ಎರಡೂ ಮೂಕವಾದವು. ಹಸುಗೂಸೊಂದರ ವರದಿ ಅರ್ಧ ಗಂಟೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಕೊನೆಗೆ ನರ್ಸಮ್ಮ ಅದನ್ನು ಕಾಗದದಲ್ಲಿ ಬರೆಸಿಕೊಂಡು ಮೂರು ಮಹಡಿ ಓಡಿದರು. ಮಗು ಚೆನ್ನಾಗಿಯೇ ಇದೆ. ಇದನ್ನು ಹೇಳುತ್ತಲೇ ನಂಬರಕ್ಕ ಉಗ್ರಾಣದ ಬೀಗ ತೆಗೆಯುತ್ತಾರೆ.

"ಸುಮ್ನಿದ್ದಾರೆ ಅಂದ್ರೆ ಇಲ್ಲ ಅಂತಲ್ಲ ಸಾರ್. ಅವತ್ತು ಕಲ್ತೆ."

ಅಂದಿನಿಂದ ಪ್ರತಿ ಕೋಣೆ, ಪ್ರತಿ ಬೀರು ಕಣ್ಣಾರೆ ನೋಡದೆ ಯಾರಿಗೂ ನಂಬರು ಕೊಡುವುದಿಲ್ಲ. ಪುಸ್ತಕದಲ್ಲಿ ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ಪತ್ರ ಟೈಪು ಮಾಡಲು ಸೇರಿದವರು ಇವರು. ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಿದ್ದ ಇಂಜಿನಿಯರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಈ ವಿದ್ಯೆ ಕಲಿತರು. ಅರವತ್ಮೂರು ಎಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡು ಕೆಳಗಿಳಿದಾಗ ಕಾವಲುಗಾರ ಕಾಲೆಳೆಯುತ್ತಾನೆ: "ನಂಗೂ ಒಂದು ನಂಬರ್ ಕೊಡಕ್ಕ, ಹೆಂಡ್ತಿ ಕರೆದ್ರೆ ಸಿಗಬಾರದು ಅಂಥದ್ದು!" ಏಳೂವರೆಗೆ ಹೊಸ ಕಂಪ್ಯೂಟರು ನಾಲ್ಕಕ್ಕೆ ನಾಲ್ಕು ಸಲ ಓ ಎನ್ನುತ್ತದೆ.

ಈ 'ಓ' ಅವರ ತಾಯಿಯ ಮಾತು. ತಾಯಿ ಬಟ್ಟೆ ಹೊಲಿದೇ ಮಗಳನ್ನೂ ಮಗನನ್ನೂ ಸಾಕಿದವರು. ಮಕ್ಕಳು ಎಲ್ಲಿಂದ ಕರೆದರೂ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆಯದೆ "ಓ" ಎನ್ನುತ್ತಿದ್ದರಂತೆ. ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗವೂ ಮಾತೂ ಹೋಯಿತು. ಅಮ್ಮನಿಗೆ ಯಾರ ಗುರುತೂ ಇಲ್ಲ, ಈ ತಿಂಗಳ ಕೊನೆಗೆ ಆರೈಕೆ ಕೇಂದ್ರಕ್ಕೆ ಸೇರಿಸೋಣ ಎನ್ನುತ್ತಾನೆ ತಮ್ಮ. ಅವನದ್ದೂ ಕಲ್ಲುಮನಸ್ಸಲ್ಲ. ಅಕ್ಕ ಕೆಲಸದಲ್ಲಿದ್ದಾಗ ಉಣಿಸಿ, ಒರೆಸಿ, ಮಗ್ಗುಲು ಬದಲಿಸಿ ಸೋತಿದ್ದಾನೆ. "ಅಮ್ಮ ಒಳಗೇ ಇದ್ದಾಳೆ. ನಂಗೊತ್ತು," ಎನ್ನುತ್ತಾರೆ ನಂಬರಕ್ಕ.

ಮೂರು ಗಂಟೆಗೆ ಅವರ ಜೊತೆ ಮನೆಗೆ ಹೋಗುತ್ತೇನೆ. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಮಂಚ, ಎದುರಿಗೆ ಬಟ್ಟೆ ಹೊದಿಸಿದ ಹೊಲಿಗೆ ಮೆಷಿನ್ನು. ತಮ್ಮ ಕುರ್ಚಿಯಲ್ಲಿ ಕೂತಿದ್ದಾನೆ. ನಂಬರಕ್ಕ ಬಾಗಿಲಲ್ಲೇ ನಿಂತು ಕರೆಯುತ್ತಾರೆ, "ಅಮ್ಮಾ." ಹೊದಿಕೆ ಅಲುಗುವುದಿಲ್ಲ. ಸ್ವಲ್ಪ ತಡೆದು, "ಅಮ್ಮಾ." ಮೂರನೆಯ ಸಲಕ್ಕೆ ತಮ್ಮ ನನ್ನ ಕಡೆ ನೋಡಿ ಮುಜುಗರದಿಂದ ತಲೆ ತಗ್ಗಿಸುತ್ತಾನೆ.

ನಾಲ್ಕನೆಯ ಕರೆಗೆ ಹೊದಿಕೆಯ ತುದಿಯಲ್ಲಿ ಎಡಪಾದ ಒಮ್ಮೆ ಕೆಳಕ್ಕೆ ಒತ್ತುತ್ತದೆ, ಮೇಲೇಳುತ್ತದೆ.

"ನರ ಎಳೆಯೋದು ಅದು," ಎನ್ನುತ್ತಾನೆ ತಮ್ಮ ಮೆಲ್ಲಗೆ.

"ಪೆಡಲ್ ತುಳಿದಿದ್ದು ಕಣೋ. ನೀನು ಕರೆದು ಎಷ್ಟು ದಿನ ಆಯ್ತು? ಕರೆದು ನೋಡು."

ಅವನು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ಚಿಕ್ಕ ಹುಡುಗನ ದನಿಯಲ್ಲಿ ಕರೆಯುತ್ತಾನೆ. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಪಾದ ಒತ್ತುತ್ತದೆ, ಏಳುತ್ತದೆ. ಅವನು ಎರಡೂ ಕೈಯಲ್ಲಿ ಆ ಪಾದ ಹಿಡಿದುಕೊಂಡು ಬಿಕ್ಕುತ್ತಾನೆ. ಬರೆಯುತ್ತಿದ್ದ ನನ್ನ ಪೆನ್ನೂ ನಿಲ್ಲುತ್ತದೆ.

ನಂಬರಕ್ಕ ತಮ್ಮನ ತಲೆ ಸವರುತ್ತಾರೆ. "ನಾಲ್ಕರಲ್ಲಿ ಒಂದು ಬಂದ್ರೂ ಲೈನ್ ಇದೆ ಅಂತಲೇ ಅರ್ಥ. ಇನ್ನೊಂದ್ಸಲ ಕರಿ."