ಹೊಡೆತಕ್ಕೆ ಅಡ್ಡ ಬೀಳುವ ಕೆಲಸ

ಬೆಳಗಿನ ಆರೂವರೆ. ಉತ್ತರ ಒಂಟಾರಿಯೊದ ಗಣಿ ಊರಿನ ಹಿಮಾಂಗಣದಲ್ಲಿ ಡಾರೆಲ್ ವೋಲ್ಚುಕ್ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದಾರೆ. ಕೊನೆಯ ಸಾಲಿನವರೆಗೂ ಒಂದೂ ತಪ್ಪಿಲ್ಲ.

"ಹದ್ದಿನ ಕಣ್ಣು ಮಾರಾಯಾ ನಿಂದು! ಹೋಗು, ಆಡು," ಎನ್ನುತ್ತಾರೆ ತಂಡದ ಚಿಕಿತ್ಸಕಿ ಗ್ಲೆಂಡಾ.

ವೋಲ್ಚುಕ್ ನಗುವುದಿಲ್ಲ. ಅಕ್ಷರಗಳನ್ನು ಅವರು ನಿನ್ನೆಯೇ ಬಾಯಿಪಾಠ ಮಾಡಿದ್ದಾರೆ. ಐದು ವಾರದ ಹಿಂದೆ ಪಕ್, ಅಂದರೆ ಆಟದ ಗಟ್ಟಿ ರಬ್ಬರ್ ಬಿಲ್ಲೆ, ಬಡಿದ ಎಡಗಣ್ಣಿಗೆ ಕಾಣುವುದು ಬರೀ ಮಬ್ಬು.

ಮೂವತ್ತಾರರ ವೋಲ್ಚುಕ್ ವೃತ್ತಿಪರ ಐಸ್ ಹಾಕಿಯ ರಕ್ಷಣಾ ಆಟಗಾರ. ಹದಿನಾಲ್ಕು ವರ್ಷ, ಒಂಬತ್ತು ಊರು, ಎಂಟುನೂರಕ್ಕೂ ಮಿಕ್ಕಿ ಪಂದ್ಯ. ದೊಡ್ಡ ಲೀಗಿನಲ್ಲಿ ಆಡಿದ್ದು ಹನ್ನೊಂದೇ ಸಲ. ಜನ ಕೂಗುವುದು ಗೋಲು ಹೊಡೆದವರ ಹೆಸರನ್ನು. ಇವರ ಕೆಲಸ ಹೊಡೆತಕ್ಕೆ ಅಡ್ಡ ಬೀಳುವುದು. ಅದಕ್ಕೆ ನಾಲ್ಕು ಹಲ್ಲು, ಮೂರು ಪಕ್ಕೆಲುಬು ತೆತ್ತಿದ್ದಾರೆ.

"ಅಪ್ಪ ನಿಕ್ಕಲ್ ಗಣಿಯಲ್ಲಿದ್ರು. ಅವರ ಬೆನ್ನಿಗಿಂತ ನನ್ನ ಬೆನ್ನೇ ವಾಸಿ," ಎನ್ನುತ್ತಾರೆ. "ಈ ಆಟ ಬಿಟ್ರೆ ನಂಗೆ ಬೇರೇನೂ ಬರಲ್ಲ. ಅದಕ್ಕೇ ಸುಳ್ಳಿಗೆ ಇಳಿದೆ."

ಏಳಕ್ಕೆ ಅಭ್ಯಾಸ ಶುರು. ಗೋಲು ಕಾಯುವವರು ಲೈಲ್ ಬುಶೆ, ಎಂಟು ವರ್ಷದ ಜೊತೆಗಾರ. ಎಡಗಡೆಯಿಂದ ಪಕ್ ಸಿಡಿದು ಬರುತ್ತದೆ. ವೋಲ್ಚುಕ್ ತಿರುಗುವಷ್ಟರಲ್ಲಿ ಅದು ಅವರನ್ನು ದಾಟಿ, ಲೈಲ್ ಮುಖಕವಚದ ಕೆಳಗೆ ಗಂಟಲಿಗೇ ಬಡಿಯುತ್ತದೆ. ಲೈಲ್ ಮಂಡಿಯೂರಿ ಕುಸಿಯುತ್ತಾರೆ. ಉಸಿರಿಲ್ಲ. ಅಂಗಣದಲ್ಲಿ ಒಬ್ಬರೂ ಅಲುಗಾಡುವುದಿಲ್ಲ. ಗ್ಲೆಂಡಾ ಜಾರುತ್ತಾ ಓಡಿ ಬಂದು ಕತ್ತಿನ ಪಟ್ಟಿ ಬಿಚ್ಚಿದ ಮೇಲೆ ಒಂದು ಕೆಮ್ಮು, ಮತ್ತೊಂದು.

"ಡಾರೆಲ್, ಎಲ್ಲಿತ್ತೋ ನಿನ್ನ ಗಮನ?" ಕೋಚ್ ಹಾರ್ವಿ ಗುಡುಗುತ್ತಾರೆ.

"ಬಿಡಿ ಕೋಚ್, ನಂದೇ ತಪ್ಪು," ಲೈಲ್ ಗೊಗ್ಗರು ದನಿಯಲ್ಲಿ ಹೇಳುತ್ತಾರೆ. "ಇನ್ನೂ ಕಾಫಿ ಬಿದ್ದಿಲ್ಲ ಹೊಟ್ಟೆಗೆ."

ಎಲ್ಲರೂ ನಗುತ್ತಾರೆ. ವೋಲ್ಚುಕ್ ಸುಮ್ಮನಿದ್ದರೆ ಸಾಕು, ಬಚಾವು. ಅವರು ಕೈಗವಸು ಕಳಚುತ್ತಾರೆ.

"ಅವನ ತಪ್ಪಲ್ಲ, ಕೋಚ್. ನಂಗೆ ಎಡಗಣ್ಣು ಕಾಣಲ್ಲ. ಗ್ಲೆಂಡಾಗೆ ಮೋಸ ಮಾಡ್ದೆ."

"ಕತ್ತೆ! ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೋ ನಿಂಗೆ?" ಲೈಲ್ ಕಣ್ಣು ತುಂಬಿದೆ.

"ಇನ್ನೊಂದು ಹೊಡೆತ ಬರ್ತಿತ್ತಲ್ಲೋ."

ಎಂಟು ಗಂಟೆಗೆ ಕೋಚ್ ತಂಡದ ಪಟ್ಟಿಯಿಂದ ವೋಲ್ಚುಕ್ ಹೆಸರು ಹೊಡೆದುಹಾಕುತ್ತಾರೆ. ಅದು ಮತ್ತೆ ಅಲ್ಲಿಗೆ ಏರುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಏನಾದರೂ ಬೇಕೇ ಎಂದು ಹಾರ್ವಿ ಮೆಲ್ಲಗೆ ಕೇಳುತ್ತಾರೆ.

"ನಾಳೆ ಲೈಲ್ ಮುಂದೆ ನಿಲ್ಲೋನನ್ನ ಅರ್ಧ ಗಂಟೆ ನನ್ನ ಹತ್ರ ಕಳಿಸಿ," ಎನ್ನುತ್ತಾರೆ ವೋಲ್ಚುಕ್. "ಲೈಲ್ ಬಲಕ್ಕೆ ಬಾಗೋದು ಚೂರು ನಿಧಾನ. ಎಂಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ನೋಡ್ಕೊಂಡಿದೀನಿ."