ಆಷಾಢದಲ್ಲಿ ಇಟ್ಟ ಕಿಟಕಿ

ಕಣ್ಣಿನ ಪೊರೆ ತೆಗೆಸಿಕೊಂಡಾಗ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕವನ್ನು ಪಕ್ಕದ ಸೈಟಿನ ಅಜ್ಜಿ ಮತ್ತೆ ತೆಗೆಯಲೇ ಇಲ್ಲ. ಕಣ್ಣು ವಾಸಿಯಾಗಿ ವರ್ಷಗಳು ಕಳೆದರೂ ಅದನ್ನು ಹಾಕಿಕೊಂಡೇ ಸಗಣಿ ಬಾಚುತ್ತಿದ್ದರು, ಹಾಕಿಕೊಂಡೇ ಅವರೆಕಾಯಿ ಸುಲಿಯುತ್ತಿದ್ದರು. ಅದರ ಒಂದು ಕಡ್ಡಿ ಮುರಿದಿತ್ತು. ಆ ಜಾಗಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ಅವರು ಯಾವ ಕಡೆ ನೋಡುತ್ತಿದ್ದಾರೆಂದು ತಿಳಿಯದೆ, ಕೆಂಗೇರಿಯ ನಮ್ಮ ಬೀದಿಯಲ್ಲಿ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದುಕೊಂಡು ಹುಷಾರಾಗಿ ಓಡಾಡುತ್ತಿದ್ದರು.

ನಮ್ಮ ಬಡಾವಣೆ ಒಂದು ಕಾಲಕ್ಕೆ ಅವರ ರಾಗಿ ಹೊಲ. ನಮ್ಮ ಸೈಟನ್ನೂ ಅವರ ಯಜಮಾನರಿಂದಲೇ ಕೊಂಡದ್ದು. ಪಕ್ಕದ ಒಂದು ಸೈಟನ್ನು ಮಾತ್ರ ಅಜ್ಜಿ ಮಾರಲು ಬಿಡದೆ ಹಸು ಕಟ್ಟಿಕೊಂಡಿದ್ದರು. ನಮ್ಮ ಮನೆ ಕಟ್ಟಿದವರು ನನ್ನ ಗಂಡ, ಫ್ಯಾಕ್ಟರಿಗೆ ರಜೆಯಿದ್ದ ಭಾನುವಾರಗಳಲ್ಲಿ, ತಾವೇ ಕರಣೆ ಹಿಡಿದು. ಇರುವುದೇ ಅಂಗೈಯಗಲ ಜಾಗ, ಅದರಲ್ಲಿ ಒಂದಡಿ ಬಿಡಲೂ ಅವರಿಗೆ ಮನಸ್ಸು ಬರಲಿಲ್ಲ. ಪಡುವಣ ಗೋಡೆಯನ್ನು ಗಡಿಯ ಮೇಲೇ ಎಬ್ಬಿಸಿ, ಹಿಂದಿನ ಕೋಣೆಗಿದ್ದ ಒಂದೇ ಕಿಟಕಿಯನ್ನು ಅಜ್ಜಿಯ ಸೈಟಿನೊಳಕ್ಕೆ ತೆರೆದರು. ಆ ಕಡೆ ನಿಂತು ಗಾರೆ ಮಾಡಲು ಅಜ್ಜಿ ಬಿಡಲಿಲ್ಲ. ಗೋಡೆಯ ಹೊರಮೈ ಹಾಗೇ ಬೋಳಾಗಿ ಉಳಿಯಿತು.

"ಸೈಟ್ ಮಾರಿದ್ದು ಕಣವ್ವ, ಗಾಳಿ ಮಾರಿಲ್ಲ" ಎಂದು ನನಗೆ ಹೇಳಿ, ಅಜ್ಜಿ ಹಸುವನ್ನು ತಂದು ಕಿಟಕಿಯ ಕೆಳಗೇ ಕಟ್ಟಿದರು. ಸೊಳ್ಳೆ, ನಾತ. ನಾನು ಜಗಳಕ್ಕೆ ನಿಂತೆ. ಬಾಯಿ ಮಾಡುವುದರಲ್ಲಿ ನಾನೇನೂ ಕಡಿಮೆಯವಳಲ್ಲ. ನನ್ನ ಗಂಡ ಮಾತ್ರ ಸರಳಿನ ಸಂದಿಯಿಂದ ಹಸುವಿಗೆ ಬಾಳೆಹಣ್ಣಿನ ಸಿಪ್ಪೆ ಕೊಡುತ್ತ ಬಂದರು. ಕೊನೆಗೆ ಅಜ್ಜಿಯೇ ಸೋತು, "ಏನೋ ಭಾನ್ವಾರದ ಮೇಸ್ತ್ರಿ, ನನ್ ಹಸೂನೂ ಕೆಡಿಸ್ಬುಟ್ಯಲ್ಲೋ! ನಾನ್ ಕರುದ್ರೆ ತಿರುಗೂ ನೋಡಾಕಿಲ್ಲ" ಎಂದು ನಕ್ಕರು. ಆಮೇಲೆ ನಮ್ಮ ಮನೆಗೆ ಹಾಲು ಬಂದದ್ದೂ ಆ ಕಿಟಕಿಯಿಂದಲೇ.

ಮುಂದೆ ನನ್ನ ಗಂಡನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು, ಮಾತೂ ನಿಂತಿತು. ಮಂಚವನ್ನು ಕಿಟಕಿಗೆ ಒತ್ತಿ ಹಾಕಿದೆ. ನೋಡಲು ಬರುತ್ತಿದ್ದ ನೆಂಟರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅಜ್ಜಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಸರಳು ಹಿಡಿದು ನಿಂತು ಊರ ಸುದ್ದಿಯನ್ನೆಲ್ಲ ಹೇಳುವರು: ಯಾರ ಮನೆಯಲ್ಲಿ ಬಾಡಿಗೆಯವರು ಬಿಟ್ಟುಹೋದರು, ಮೆಟ್ರೊ ಸ್ಟೇಷನ್ನಿನ ಹತ್ತಿರ ಯಾರ ಮಗಳು ಯಾರ ಜೊತೆ ಕಂಡಳು. ಇವರು ಗಂಟಲಲ್ಲಿ ಒಂದು ಸದ್ದು ಮಾಡುವರು. "ಊಂ, ನಂಗೂ ಅಂಗೇ ಅನ್ಸುತ್ತೆ" ಎನ್ನುವರು ಅಜ್ಜಿ. ಏನನ್ನಿಸಿತೋ ಅವರಿಬ್ಬರಿಗೇ ಗೊತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಏಕೆಂದರೆ ನನ್ನ ಜೊತೆ ಇವರು ಆ ಸದ್ದನ್ನೂ ಮಾಡುತ್ತಿರಲಿಲ್ಲ.

ಗಾರೆಯಿಲ್ಲದ ಗೋಡೆ ಎಷ್ಟು ಮಳೆ ತಡೆದೀತು? ಹೋದ ವರ್ಷ ಬೇಸಿಗೆಯ ಕೊನೆಯ ಮಳೆಗೆ ಅದು ಹೊರಕ್ಕೆ ಉಬ್ಬಿತು. ಕಿಟಕಿಯ ಚೌಕಟ್ಟನ್ನು ಗೆದ್ದಲು ತಿಂದಿತ್ತು; ಅದರ ಮೂಲೆಯಿಂದ ಸೂರಿನವರೆಗೆ ಕೈ ತೂರುವಷ್ಟು ಬಿರುಕು. ಮೇಸ್ತ್ರಿಯನ್ನು ಕರೆಸಿದೆ. "ಇದು ರಿಪೇರಿ ಆಗೋದಲ್ಲ ಅಮ್ಮ. ಕೆಡವಿ ಹೊಸದಾಗಿ ಕಟ್ಬೇಕು. ಅದೂ ಆ ಕಡೆ ಸೈಟಲ್ಲಿ ನಿಂತ್ಕೊಂಡು" ಎಂದ.

ಆ ಹೊತ್ತಿಗೆ ಅಜ್ಜಿಯೂ ಹಾಸಿಗೆ ಹಿಡಿದಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ತಡೆಯುವ ವಯಸ್ಸಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು. ಸೈಟಿನಲ್ಲಿ ಮನೆ ಕಟ್ಟಿಸಬೇಕೆಂದಿದ್ದ ಅವರ ಮಗ ನನಗೆ ನೇರವಾಗಿಯೇ ಹೇಳಿದ: "ಗೋಡೆ ಕಟ್ಕೊಳ್ಳಿ ಆಂಟಿ, ಬೇಡ ಅನ್ನಲ್ಲ. ಕಿಟಕಿ ಮಾತ್ರ ಬೇಡ. ನಾಳೆ ನಾನು ಕಟ್ದಾಗ ಹೇಗಿದ್ರೂ ಮುಚ್ಹೋಗುತ್ತೆ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು.

ಅವರ ಹಳೇ ಮನೆಗೆ ಹೋಗಿ ಅಜ್ಜಿಯ ಮಂಚದ ಹತ್ತಿರ ಕೂತು ಅತ್ತುಬಿಟ್ಟೆ. "ಕಿಟಕಿ ಹೋದ್ರೆ ಅವ್ರು ಉಳಿಯಲ್ಲ ಅಜ್ಜಿ" ಎಂದೆ. ಅಜ್ಜಿ ಮಗನ ಕಡೆ ಮುಖ ತಿರುಗಿಸಿದರು.

"ನಾನಿರಗಂಟ ಕಿಟಕಿ ಇರ್ಲಿ ಕಣೋ. ನಾನ್ ವೋದ್ಮ್ಯಾಲೆ ನಿನ್ನಿಷ್ಟ."

ಅವತ್ತಿನಿಂದ ಅಜ್ಜಿಯ ಆಯಸ್ಸಿಗಾಗಿ ನಾನು ಬೇಡದ ದೇವರಿಲ್ಲ. ಪ್ರೀತಿಯಿಂದ ಬೇಡಿಕೊಂಡೆ ಎಂದರೆ ಸುಳ್ಳಾದೀತು. ನನಗೆ ಕಿಟಕಿ ಬೇಕಾಗಿತ್ತು.

ಗೋಡೆ ಕೆಡವಿದರು. ಇವರ ಮಂಚವನ್ನು ಒಳಗೋಡೆಗೆ ಸರಿಸಿ ನಡುವೆ ಟಾರ್ಪಾಲು ಕಟ್ಟಿದೆವು. ಹೊಸ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಆಷಾಢ ಕಾಲಿಟ್ಟಿತು. ಚೌಕಟ್ಟು ಇಡುವಾಗ ಪೂಜೆಯಾಗಬೇಕು, ಮನೆಯ ಮುತ್ತೈದೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಬೇಕು. ಆಷಾಢದಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಮೇಸ್ತ್ರಿ ಕರಣೆ ತೊಳೆದಿಟ್ಟು, "ಶ್ರಾವಣ ಬರ್ಲಿ ಅಮ್ಮ, ನಮ್ಗೂ ಹೆಂಡ್ತಿ ಮಕ್ಳಿದಾರೆ" ಎಂದ. ನಾನೂ ಹೂಂ ಎಂದುಬಿಟ್ಟೆ. ಮಂಚದ ಮೇಲೆ ಇಂಥ ಗಂಡನನ್ನು ಇಟ್ಟುಕೊಂಡು ಕೆಟ್ಟ ತಿಂಗಳಲ್ಲಿ ಕುಂಕುಮದ ಬಟ್ಟಲು ಮುಟ್ಟಲು ನನಗೆ ಧೈರ್ಯವಿರಲಿಲ್ಲ.

ಮಳೆಗೆ ನಮ್ಮ ಪಂಚಾಂಗ ಗೊತ್ತಿಲ್ಲ. ಗಾಳಿ ಬೀಸಿದಾಗಲೆಲ್ಲ ಟಾರ್ಪಾಲು ಹಾರಿ ಹಾಸಿಗೆಯೆಲ್ಲ ನೆನೆಯುತ್ತಿತ್ತು. ಇವರಿಗೆ ಜ್ವರ ಹಿಡಿಯಿತು, ಎದೆ ಗೊರಗೊರ ಎನ್ನತೊಡಗಿತು. ಕಫ ಶ್ವಾಸಕೋಶಕ್ಕಿಳಿದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿ ಹೋದರು. ಅತ್ತ ಅಜ್ಜಿ ಗಂಜಿಯನ್ನೂ ಬಿಟ್ಟರೆಂದು ಸುದ್ದಿ ಬಂತು. ಒದ್ದೆ ಹೊದಿಕೆ ಹಿಂಡುತ್ತ ಇಬ್ಬರಲ್ಲಿ ಯಾರು ಮೊದಲು ಎಂದು ಯೋಚಿಸುತ್ತಿದ್ದೆ. ಅಂಥ ಯೋಚನೆ ಬಂತಲ್ಲ ಎಂದು ಹಣೆ ಚಚ್ಚಿಕೊಂಡೆ. ಆದರೂ ಅದೇ ಯೋಚನೆ ಬರುತ್ತಿತ್ತು.

ಒಂದು ಬೆಳಿಗ್ಗೆ ಮಗನ ಹೆಗಲು ಹಿಡಿದು ಅಜ್ಜಿ ಬಂದೇಬಿಟ್ಟರು. ಇಟ್ಟಿಗೆ ರಾಶಿಯ ಮೇಲೆ ಕೂತು ದಮ್ಮು ತಿರುಗಿಸಿಕೊಂಡರು. ಮೇಸ್ತ್ರಿಗೂ ಹೇಳಿ ಕಳಿಸಿದ್ದರು. ಅವನು ಮೂಲೆಯಲ್ಲಿ ನಿಂತಿದ್ದ.

"ಏನ್ ಕಾಯ್ತಿದ್ದೀಯವ್ವ?"

"ಆಷಾಢ ಕಳೀಲಿ ಅಂತ ಅಜ್ಜಿ."

"ಅಲ್ಲೀಗಂಟ ನಾನಿರ್ಬ್ಯಾಡ್ವ? ಎತ್ತಲಾ ಮೇಸ್ತ್ರಿ, ಚೌಕಟ್ಟು."

ಅರಿಶಿನ ಕುಂಕುಮದ ತಟ್ಟೆ ತಂದೆ. ನಾನು ಬಟ್ಟಲು ಮುಟ್ಟದೆ ನಿಂತದ್ದನ್ನು ಅಜ್ಜಿ ನೋಡಿದರು. ತಟ್ಟೆಯನ್ನು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡರು.

"ನಿನ್ ಕೈ ಬ್ಯಾಡ. ಗಂಡ ಸತ್ತೋಳ ಕೈ, ಆಷಾಢ ಮಾಸ, ಎರಡು ಕೆಟ್ಟದ್ದೂ ಒಟ್ಗೇ ಸೇರ್ಲಿ. ಏನಾರ ಆಗೋದಿದ್ರೆ ನನ್ ಮ್ಯಾಲೆ ಬರ್ಲಿ. ನಾನೆಂಗೂ ಹೊಂಟೋಳು."

ನಾಲ್ಕು ಮೂಲೆಗೂ ಅರಿಶಿನ ಬಳಿದರು, ಕುಂಕುಮವಿಟ್ಟರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಮೇಸ್ತ್ರಿ ಚೌಕಟ್ಟು ಎತ್ತಿದ. ಕಿಟಕಿಯೇ ಬೇಡ ಎಂದಿದ್ದ ಮಗ ಇನ್ನೊಂದು ಬದಿ ಹಿಡಿದ.

ಗೋಡೆ ಎದ್ದಿತು, ಈ ಸಲ ಹೊರಗೂ ಗಾರೆ ಕಂಡಿತು. ಇವರ ಜ್ವರ ಇಳಿದು, ಮಂಚ ಮತ್ತೆ ಕಿಟಕಿಯ ಬದಿಗೆ ಬಂತು. ಶ್ರಾವಣ ಬರುವ ಮೊದಲೇ ಅಜ್ಜಿ ಹೋದರು.

ಹೆಣವನ್ನು ಆ ಸೈಟಿನಲ್ಲೇ ಮಲಗಿಸಿದ್ದರು. ನೆಂಟರು ಸಾಲಾಗಿ ಬಂದು ಬಾಯಿಗೆ ಅಕ್ಕಿ ಹಾಕುತ್ತಿದ್ದಾಗ ಒಳಗಿನಿಂದ ಇವರು ಕೂಗತೊಡಗಿದರು. ಅದು ಅಳುವೂ ಅಲ್ಲ, ಮಾತೂ ಅಲ್ಲ. ಎಡಗೈಯಿಂದ ಸರಳು ಹಿಡಿದು ಅಲ್ಲಾಡಿಸುತ್ತಿದ್ದರು. ಮಗ ಕಿಟಕಿಯ ಕಡೆ ನೋಡಿ, ಚಟ್ಟ ಹೊರುವವರಿಗೆ, "ಅಲ್ಲಿಗ್ ತನ್ರಪ್ಪ. ಅಂಕಲ್ಲೂ ಹಾಕ್ಲಿ" ಎಂದ.

ಚಟ್ಟವನ್ನು ಕಿಟಕಿಯ ಮಟ್ಟಕ್ಕೆ ಎತ್ತಿ ಹಿಡಿದರು. ಇವರ ಎಡಗೈಗೆ ನಾನು ಅಕ್ಕಿ ಕೊಟ್ಟೆ. ಸರಳಿನ ನಡುವೆ ಕೈ ಹೊರಗೆ ಹೋಯಿತು. ಬಾಯಿಗೆ ಎಟುಕದೆ ಅಕ್ಕಿಯೆಲ್ಲ ಅಜ್ಜಿಯ ಗಲ್ಲದ ಮೇಲೆ ಚೆಲ್ಲಿತು. ಮಗ ಅದನ್ನು ಒಂದೊಂದೇ ಕಾಳಾಗಿ ಆಯ್ದು ತಾಯಿಯ ಬಾಯಿಗೆ ಹಾಕಿದ.

ಅಜ್ಜಿಯ ಋಣ ನಾನು ತೀರಿಸಲಾರೆ. ಅವರ ಬದುಕನ್ನು ನಾನು ನನ್ನ ಕೆಲಸಕ್ಕೆಂದು ಬೇಡಿದವಳು. ಅವರು ನನ್ನ ಮನೆಯ ಕೇಡನ್ನು ಕೇಳದೆಯೇ ತಮ್ಮ ಮೇಲೆ ಎಳೆದುಕೊಂಡವರು. ಅವರು ಹೋದ ಮೇಲೂ ಮಗ ಒಂದು ಮಳೆಗಾಲ, ಒಂದು ಚಳಿಗಾಲ ಸುಮ್ಮನಿದ್ದ. ಆಮೇಲೆ ನನ್ನ ಮುಖ ನೋಡಲಾಗದೆ ನೆಲ ನೋಡುತ್ತ, "ಆಂಟಿ, ಇನ್ನು ಕಟ್ಲೇಬೇಕು" ಎಂದ. ಕಟ್ಟಪ್ಪ ಎಂದೆ.

ಈಗ ಅವನ ಗೋಡೆ ಏಳುತ್ತಿದೆ. ಮೊನ್ನೆ ಕಿಟಕಿಯ ಕೆಳಗಿನ ಸರಳಿಗೆ ಬಂದಿತ್ತು. ನಿನ್ನೆ ಇನ್ನೊಂದು ಸಾಲು ಏರಿಸಿ ಹೋದರು. ಇವರು ಕತ್ತು ಎತ್ತಿ ಎತ್ತಿ ನೋಡುತ್ತಿದ್ದರು. ಇವತ್ತು ಬೆಳಿಗ್ಗೆ ಇವರ ಬೆನ್ನಿಗೆ ಇನ್ನೊಂದು ದಿಂಬು ಇಟ್ಟೆ.