ಪಾಸಾದ ಗಾಡಿಯ ಗಾಲಿಗೆ ಕಲ್ಲು

ಕಾಕಾನ ಜೀಪು ಪಾಸಿಂಗ್‌ನಲ್ಲಿ ಒಂದು ವರ್ಷವೂ ಫೇಲಾಗಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರಿನವರ ಗಟ್ಟಿ ಮಾತನ್ನು ನೀನೇ ಮೊದಲು ಹೇಳಿಬಿಡು, ಆಮೇಲೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮಾಸ್ತರರು ಹೇಳುತ್ತಿದ್ದರು. ಬಾಡಿಗೆ ಓಡುವ ಗಾಡಿಯನ್ನು ವರ್ಷಕ್ಕೊಮ್ಮೆ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಿ, ರಸ್ತೆಗೆ ಯೋಗ್ಯ ಎಂದು ಬರೆಸಿಕೊಳ್ಳಬೇಕು. ಅದಕ್ಕೇ ಪಾಸಿಂಗ್ ಅನ್ನುವುದು. ಏಳು ವರ್ಷ ಏಳು ಸಲ ನಮ್ಮ ಜೀಪು ಸಿಂಧನೂರಿನ ಮೈದಾನಕ್ಕೆ ಹೋಯಿತು, ಏಳು ಸಲವೂ ಅದೇ ದಿನ ಪಾಸಾಗಿ ಬಂತು. ಹೊಸ ಗಾಡಿಗಳು ವಾಪಸಾದ ದಿನಗಳಲ್ಲೂ ಇದು ಪಾಸಾಯಿತು.

ಹೊಸದಾಗಿದ್ದರೆ ಆಶ್ಚರ್ಯವಿರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ, ಅದನ್ನು ದಢೇಸುಗೂರಿನ ಕಡೆಯ ಒಬ್ಬ ತೆಲುಗು ರೈತನಿಂದ ಕೊಂಡಿದ್ದ. ಆ ರೈತ ಬಾನೆಟ್ ಮೇಲೆ ಕೈಯಾಡಿಸಿ, “ಬಂಡಿ ಬಂಗಾರಂ ಅಯ್ಯಾ” ಎಂದನಂತೆ. ಸುಳ್ಳೇನಲ್ಲ. ಆದರೆ ಆ ಬಂಗಾರ ಅಲ್ಲಿಯತನಕ ಗೊಬ್ಬರದ ಚೀಲ ಹೊತ್ತು ಕಾಲುವೆಯ ದಂಡೆಗುಂಟ ಓಡಾಡಿತ್ತು. ಅದು ನೀರು ಕೂಡ ಯಾವ ಕಡೆ ಹೋಗಲಿ ಎಂದು ಯೋಚಿಸುತ್ತ ನಿಲ್ಲುವ ಸಪಾಟು ನೆಲ. ಅಲ್ಲಿ ಹ್ಯಾಂಡ್ ಬ್ರೇಕನ್ನು ಯಾರು ಎಳೆಯುತ್ತಾರೆ?

ನಮ್ಮ ಮನೆ ಮಸ್ಕಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿತ್ತು. ಸಿಂಧನೂರಿನಿಂದ ಲಿಂಗಸುಗೂರಿಗೆ ದಿನಕ್ಕೆ ಎರಡು ಸಲ ಸೀಟು ಹೊಡೆದು, ಅಂದರೆ ಬಾಡಿಗೆಗೆ ಜನರನ್ನು ತುಂಬಿಕೊಂಡು ಹೋಗಿ, ಬಂದು ಕಾಕಾ ಜೀಪನ್ನು ಮನೆಯ ಕಟ್ಟೆಗಿಂತ ಹತ್ತು ಮಾರು ಮೇಲೆ, ಏರಿನಲ್ಲಿ ನಿಲ್ಲಿಸುತ್ತಿದ್ದ. ಬೇರೆಲ್ಲೂ ಜಾಗವಿರಲಿಲ್ಲ. ಗೇರಿನಲ್ಲಿ ಹಾಕಿ ನಿಲ್ಲಿಸೋಣವೆಂದರೆ ಅದು ತಾನೇ ಜಾರಿ ನ್ಯೂಟ್ರಲ್‌ಗೆ ಬಂದಿರುತ್ತಿತ್ತು. ಹೀಗಾಗಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಒಂದು ಕಲ್ಲು ಕೊಡುವುದು ರೂಢಿ. ತೆಂಗಿನಕಾಯಿಗಿಂತ ದೊಡ್ಡದಾದ, ಒಂದು ಬದಿ ಚಪ್ಪಟೆಯಾದ ಕರಿಕಲ್ಲು. ಹಗಲು ಅದು ಕಟ್ಟೆಯ ಮೂಲೆಯಲ್ಲಿ ಕೂತಿರುತ್ತಿತ್ತು. ಕಾಕಾ ಅದನ್ನು ಒಯ್ದು ಗಾಲಿಗೆ ತಾಗಿಸಿದಾಗ ಟಕ್ ಎಂದು ಸದ್ದಾಗುತ್ತಿತ್ತು. ಕಣ್ಣಿಗೆ ಪೊರೆ ಬಂದು ಕಟ್ಟೆಯ ಮೇಲೇ ದಿನ ಕಳೆಯುತ್ತಿದ್ದ ಅಜ್ಜಿ ಆ ಸದ್ದಿಗೆ ಕಾಯುತ್ತಿದ್ದಳು. ಕೇಳಿದ ಮೇಲೆ, “ಹಾಂ, ಗಾಡಿ ಕುಂತಿತು,” ಎಂದು ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದಳು.

ನಾನು ಆಗ ಪಿಯುಸಿ. ಚರ್ಚೆಯಲ್ಲಿ ತಾಲೂಕಿಗೆಲ್ಲ ಹೆಸರು. ಲಿಂಗಸುಗೂರಿನ ಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಹಳ್ಳಿಯ ಬಾಳೇ ಲೇಸು ಎಂದು ಮನೆಯಲ್ಲಿ ತಾಲೀಮು ಮಾಡಿಕೊಂಡು ಹೋದವಳು, ಚೀಟಿಯಲ್ಲಿ ಪಟ್ಟಣ ಬಂದದ್ದಕ್ಕೆ ಹಳ್ಳಿಯನ್ನು ಹಿಗ್ಗಾಮುಗ್ಗಾ ಜಾಡಿಸಿ ಕಪ್ಪು ಗೆದ್ದೆ. ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲೇ ಚಪ್ಪಾಳೆ ತಟ್ಟಿದ ಕಾಕಾ, ಬರುವಾಗ ಕೇಳಿದ:

“ಏನ್ಬೇ ವಕೀಲವ್ವ, ನಿನ್ನಿ ಮನ್ಯಾಗ ಹಂಗಂದಿ, ಇವತ್ತ ಸ್ಟೇಜ್ ಮ್ಯಾಲ ಹಿಂಗಂದಿ. ನಿಂದು ಖರೇ ಮಾತು ಯಾವ್ದು?”

“ಯಾವ ಚೀಟಿ ಬರತೈತಿ ಅದ, ಕಾಕಾ.”

“ಹಂಗಾರ ಚೀಟಿ ನೋಡದ ನಿನ್ನ ಮಾತು ನಂಬಬಾರ್ದು ಅನ್ನು!” ಎಂದು ಸ್ಟೇರಿಂಗ್ ಬಡಿದು ನಕ್ಕ. ನಾನೂ ನಕ್ಕೆ.

ಅಮಾವಾಸ್ಯೆ ಬಂದರೆ ನಮ್ಮ ಮನೆಯಲ್ಲಿ ಜೀಪಿಗೆ ಪೂಜೆ. ಸ್ಟೇರಿಂಗಿಗೆ ಕುಂಕುಮ, ಬಂಪರಿಗೆ ಲಿಂಬೆಹಣ್ಣು, ಗಾಲಿಗೆ ಒಡೆದ ಕಾಯಿ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಆ ಕಲ್ಲನ್ನೂ ಬಿಡುತ್ತಿರಲಿಲ್ಲ. ತೊಳೆದು, ವಿಭೂತಿ ಬಳಿದು, ಕುಂಕುಮದ ಬೊಟ್ಟಿಡುತ್ತಿದ್ದಳು. ನನ್ನ ತರ್ಕ ಹರಿದದ್ದು ಇಲ್ಲಿಂದ. ಲಿಂಬೆಹಣ್ಣು ಮೂಢನಂಬಿಕೆ. ಲಿಂಬೆಹಣ್ಣಿಗೆ ಮಾಡಿದ್ದನ್ನೇ ಕಲ್ಲಿಗೂ ಮಾಡುತ್ತಾರೆ. ಆದ್ದರಿಂದ ಕಲ್ಲೂ ಮೂಢನಂಬಿಕೆ. ಕುಂಕುಮ ಒರೆಸಿದರೆ ಕೆಳಗೆ ಏನು ಉಳಿಯುತ್ತದೆ ಎಂದು ನೋಡುವ ತಾಳ್ಮೆ ನನಗಿರಲಿಲ್ಲ. ಎಲ್ಲವನ್ನೂ ಸಂಶಯಿಸುತ್ತೇನೆಂದು ಮೆರೆಯುತ್ತಿದ್ದವಳು ಸರ್ಕಾರದ ಒಂದು ಹಾಳೆಯನ್ನು ಮಾತ್ರ ಸಂಶಯಿಸಲಿಲ್ಲ.

ಆರನೆಯ ವರ್ಷದ ಪಾಸಿಂಗಿಗೆ ನಾನೂ ಹೋಗಿದ್ದೆ. ಇನ್ಸ್‌ಪೆಕ್ಟರ್ ಸಾಹೇಬರು ಖಡಕ್ ಮನುಷ್ಯ. ನಮ್ಮ ಮುಂದಿನ ಗಾಡಿಯನ್ನು ಒಂದು ವೈಪರ್ ಓಡಲಿಲ್ಲವೆಂದು ವಾಪಸ್ ಕಳಿಸಿದರು. ನಮ್ಮದರಲ್ಲಿ ಲೈಟು, ಹಾರ್ನು, ಕಾಲ್ಬ್ರೇಕು ಎಲ್ಲ ನೋಡಿ, “ಹ್ಯಾಂಡ್ ಬ್ರೇಕ್ ಎಳೀರಿ. ಒಂದನೇ ಗೇರ್ ಹಾಕಿ ಕ್ಲಚ್ ಬಿಡ್ರಿ,” ಎಂದರು. ಜೀಪು ಒಮ್ಮೆ ಮೈ ಜಾಡಿಸಿ ಅಲ್ಲೇ ಬಂದ್ ಬಿತ್ತು. “ಹಿಡಿತೈತಿ. ಗಾಡಿ ಭಾಳ ಚೊಲೊ ಇಟ್ಟೀರಿ,” ಎಂದು ಬರೆದುಕೊಟ್ಟರು. ಕಾಕಾ ಆ ಹಾಳೆಯನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಎರಡು ಸಲ ಮುಟ್ಟಿ ನೋಡಿಕೊಂಡ.

ಬರುವಾಗ ಜೀಪಿನ ತುಂಬ ಸೀಟು. ನಾನು ಶುರು ಮಾಡಿದೆ.

“ಕಾಕಾ, ಸಾಹೇಬ್ರು ಬರದಿದ್ದು ಖರೇನೋ ಸುಳ್ಳೋ?”

“ಖರೇನ.”

“ಹಂಗಾರ ಕಲ್ಲು ಸುಳ್ಳು.”

“ಅದೂ ಖರೇನ.”

“ಎರಡೂ ಹ್ಯಾಂಗ ಖರೇ ಆಗತಾವ? ಬ್ರೇಕ್ ಹಿಡೀತೈತಿ ಅಂದ್ರ ಕಲ್ಲು ಯಾಕ? ಕಲ್ಲು ಬೇಕು ಅಂದ್ರ ಬ್ರೇಕ್ ಹಿಡಿಯಂಗಿಲ್ಲ. ಒಂದು ಹೇಳು.”

“ಕಾಗದ ಸಾಹೇಬ್ರಿಗೆ ಬೇ, ಕಲ್ಲು ಗುಡ್ಡಕ್ಕ.”

“ಇದು ಉತ್ತರ ಅಲ್ಲ. ಹೆದರಿಕಿ.”

ಸಾಲಗುಂದದಿಂದ ಮಗಳ ಮನೆಗೆ ಹೊರಟಿದ್ದ ಒಬ್ಬ ಮುದುಕ ಕಂಬಳಿಯೊಳಗಿಂದ, “ಹುಡುಗಿ ಗೆದ್ಲು ಬಿಡಪಾ ಡ್ರೈವರಾ, ನೀ ಸುಮ್ನ ರಸ್ತಾ ನೋಡು,” ಎಂದ. ಜೀಪೆಲ್ಲ ನಕ್ಕಿತು. ಕಾಕಾನೂ ನಕ್ಕ. ನನಗೆ ಕಪ್ಪು ಗೆದ್ದಷ್ಟೇ ಖುಷಿ.

ಮನೆ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಕಾಕಾ ಎಂದಿನಂತೆ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಎಳೆದು, ಕಲ್ಲು ಕೊಟ್ಟು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ನಾನು ಹೋಗಿ ಕಲ್ಲನ್ನು ತೆಗೆದೆ. ಜೀಪು ಅಲುಗಲಿಲ್ಲ. ಎಣಿಸಿದೆ. ನೂರರತನಕ ಎಣಿಸಿದರೂ ಅಲುಗಲಿಲ್ಲ. ಸಾಬೀತಾಯಿತು ಎಂದುಕೊಂಡು ಕಲ್ಲನ್ನು ಕಟ್ಟೆಯ ಮೂಲೆಯ ಅದರ ಹಗಲಿನ ಜಾಗದಲ್ಲೇ ಇಟ್ಟೆ.

“ಯಾರದು ಕಲ್ಲು ಎತ್ತಿದೋರು?” ಅಜ್ಜಿ ಕೇಳಿದಳು.

“ನಾನ ಅಜ್ಜಿ. ಇನ್ನ ಅದು ಬೇಕಾಗಿಲ್ಲ. ಗಾಡಿ ಪಾಸ್ ಆಗೈತಿ.”

“ಗಾಡಿ ಪಾಸ್ ಆಗೈತಿ. ಓಣಿ ಪಾಸ್ ಆಗೈತೇನು?”

“ನೂರು ಎಣಿಸೀನಿ. ಎಲ್ಲೈತೋ ಅಲ್ಲೇ ಐತಿ.”

“ನನಗ ನಿನ್ನಂಗ ಮಾತಾಡಾಕ ಬರಂಗಿಲ್ಲವ್ವ. ಇಟ್ಟು ಬಾ.”

ಇಡಲಿಲ್ಲ. ಚಹಕ್ಕೆ ಇಡಲು ಒಳಗೆ ಹೋದೆ. ಚಹ ಉಕ್ಕಿ ಬಂದಾಗ ಹೊರಗಿನಿಂದ ಒಂದು ಸದ್ದು ಬಂತು. ಎಂಜಿನ್ ಇಲ್ಲದೆ ಗಾಲಿ ಉರುಳುವ ಸದ್ದು. ಸಣ್ಣ ಹರಳುಗಳು ಒಂದೊಂದಾಗಿ ಒಡೆದಂತೆ, ಯಾರೋ ಮೆಲ್ಲಗೆ ಕಡಲೆ ಅಗಿದಂತೆ. ಅವಸರವೇ ಇರಲಿಲ್ಲ ಅದಕ್ಕೆ. ಆಮೇಲೆ ಕಟ್ಟೆಗೆ ಬಡಿದ ಸದ್ದು.

ಅಜ್ಜಿ ಎದ್ದು, ಕೋಲೂರಿ ಕಟ್ಟೆಯಿಂದ ಇಳಿದು, ಮೂಲೆಯಲ್ಲಿ ತಡಕಾಡಿ ತಾನೇ ಕಲ್ಲು ಎತ್ತಲು ಬಗ್ಗಿದ್ದಳು. ಬಂಪರು ಅವಳ ಸೊಂಟವನ್ನು ಕಟ್ಟೆಗೆ ಒತ್ತಿ ನಿಂತಿತ್ತು. ಕಾಕಾ ಒದ್ದೆ ಕೈಯಲ್ಲಿ ಓಡಿಬಂದ. ಅವನು ಮೊದಲು ನೋಡಿದ್ದು ತಾಯಿಯನ್ನು. ಎರಡನೆಯದಾಗಿ ನೋಡಿದ್ದು ಕಲ್ಲನ್ನು. ಅದು ಮೂಲೆಯಲ್ಲಿತ್ತು, ಮುಂಜಾನೆ ಎಲ್ಲಿತ್ತೋ ಅಲ್ಲಿ.

“ನಾ ಕಲ್ಲು ಇಟ್ಟಿಲ್ಲ,” ಎಂದ. ಯಾರೂ ಕೇಳಿರಲಿಲ್ಲ.

ಅದೇ ಜೀಪಿನಲ್ಲಿ ಅಜ್ಜಿಯನ್ನು ಲಿಂಗಸುಗೂರಿನ ಆಸ್ಪತ್ರೆಗೆ ಒಯ್ದೆವು. ಸೊಂಟದ ಎಲುಬು ಮುರಿದಿತ್ತು. ಮಾರನೆಯ ದಿನ ಮಂಚದ ಹತ್ತಿರ ನಾನೊಬ್ಬಳೇ ಇದ್ದಾಗ ಅವಳು ನನ್ನ ಮುಂಗೈ ಹಿಡಿದು ಹೇಳಿದಳು: “ನೀ ಬಾಯಿ ಬಿಡಬ್ಯಾಡ. ನಿಮ್ಮಪ್ಪಗ ಗೊತ್ತಾದ್ರ ನಾಳಿಂದ ಕಾಲೇಜು ಬಂದ್ ಮಾಡಸ್ತಾನ.”

“ಕಾಕಾ ತನ್ನದ ತಪ್ಪು ಅನ್ಕೊಂಡಾನ ಅಜ್ಜಿ.”

“ಅಂವ ಗಂಡಸು. ನಾಕ ದಿನ ಮಾರಿ ಸಣ್ಣ ಮಾಡ್ಕೊಂಡು ತಿರಗತಾನ, ಮರೀತಾನ.”

ಅಷ್ಟು ವರ್ಷ ಕಿವಿಯಿಂದಲೇ ಲೋಕ ತಿಳಿದ ಅಜ್ಜಿ ತನ್ನ ಮಗನ ವಿಷಯದಲ್ಲಿ ತಪ್ಪಿದಳು. ನಾನು ಅವಳ ಮಾತನ್ನು ಕೂಡಲೇ ಒಪ್ಪಿದೆ. ಅಷ್ಟು ಬೇಗ ನಾನು ಯಾರ ಮಾತನ್ನೂ ಒಪ್ಪಿದವಳಲ್ಲ.

ಬಂಪರು ಸರಿ ಮಾಡಿಸಲು ಹೋದಾಗ ಲಿಂಗಸುಗೂರಿನ ಮೆಕ್ಯಾನಿಕ್ ಹೇಳಿದ: “ಕೇಬಲ್ ಹಳೇದು. ಎಳದ ಕೂಡ್ಲೆ ಗಟ್ಟಿ ಹಿಡೀತೈತಿ, ಬರಬರ್ತ ಸಡ್ಲ ಆಗತೈತಿ. ಬದಲಸು ಅಂತ ಅವತ್ತ ಅಂದಿದ್ನೆಲ್ಲೋ ಮಾರಾಯ?” ಕಾಕಾ ನೆಲ ನೋಡುತ್ತ, “ಕಲ್ಲು ಇತ್ತಲ್ಲ,” ಎಂದ.

ಹಾಗಾದರೆ ಸಾಹೇಬರು ನೋಡಿದ್ದು ಅರ್ಧ ನಿಮಿಷ, ನಾನು ನೋಡಿದ್ದು ನೂರು ಎಣಿಸುವಷ್ಟು. ಇಬ್ಬರೂ ಕಂಡದ್ದನ್ನೇ ಹೇಳಿದೆವು. ಕಲ್ಲೊಂದೇ ದಿನವೂ ಇಡೀ ರಾತ್ರಿ ಕಾಯುತ್ತಿತ್ತು.

ಕಾಕಾ ನಾಲ್ಕು ದಿನಕ್ಕೆ ಮರೆಯಲಿಲ್ಲ. ಅವನನ್ನು ತಿಂದದ್ದು ಅಪಘಾತವಲ್ಲ, ತನ್ನ ಕೈಯ ಮೇಲಿನ ನಂಬಿಕೆ ಹೋದದ್ದು. “ಇಟ್ಟ ನೆನಪೈತಿ,” ಎಂದು ಚಿಗವ್ವನ ಮುಂದೆ ಹೇಳುತ್ತಿದ್ದ. “ಆದ್ರ ಅದು ಅವತ್ತಿನ ನೆನಪೋ, ಹಿಂದಿನ ದಿನದ್ದೋ? ದಿನಾ ಒಂದ ನಮೂನಿ ಮಾಡಿದ್ರ ಹ್ಯಾಂಗ ಗೊತ್ತಾಗತೈತಿ?” ಮೊದಮೊದಲು ಕಲ್ಲನ್ನು ಎರಡು ಸಲ ಮುಟ್ಟುತ್ತಿದ್ದ. ಆಮೇಲೆ ಊಟದ ನಡುವೆ ಎದ್ದು ಹೋಗುತ್ತಿದ್ದ. ಆಮೇಲೆ ದಾರಿಯಲ್ಲೇ ಜೀಪು ನಿಲ್ಲಿಸಿ ಇಳಿದು, ಹಿಂದಿನ ಬಾಗಿಲಿನ ಚಿಲಕ ನೋಡಿ, ಹತ್ತಿ, ಮತ್ತೆ ಇಳಿಯುತ್ತಿದ್ದ. “ಏನಾಗೈತೋ ನಿನಗ? ಹತ್ತು ನಡಿ, ಬಸ್ಸು ಮುಂದ ಹೋತು!” ಎಂದು ಸೀಟಿನವರು ಬೈಯುತ್ತಿದ್ದರು. ಹಾರ್ನು ಬಾರಿಸುತ್ತ ಹಾಡು ಹೇಳುತ್ತಿದ್ದ ಮನುಷ್ಯ ಈಗ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಕಳ್ಳನನ್ನು ಹಿಡಿದಂತೆ ಹಿಡಿಯುತ್ತಿದ್ದ.

ಒಂದು ವಾಕ್ಯ ಸಾಕಿತ್ತು: ಕಾಕಾ, ನೀ ಇಟ್ಟಿದ್ದಿ, ನಾ ತೆಗದೆ. ಅದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಬೇರೆ ವಾದಗಳು ಎದ್ದು ನಿಲ್ಲುತ್ತಿದ್ದವು. ಕೇಬಲ್ ಬದಲಿಸದವನು ಅವನೇ. ಅಲ್ಲಿ ನಿಲ್ಲಿಸಿದವನು ಅವನೇ. ಬಾಯಿ ಮುಚ್ಚಿಕೊಂಡಿರೆಂದವಳು ಅಜ್ಜಿ. ಒಳಗೊಳಗೇ ಈ ಚರ್ಚೆಯನ್ನು ಎಷ್ಟು ಸಲ ನಡೆಸಿದೆನೋ. ಪ್ರತಿ ಸಲವೂ ಗೆದ್ದೆ. ಗೆದ್ದ ಮೇಲೆ ಹೊರಗೆ ತರಕಾರಿ ಬಂಡಿ ಹರಳಿನ ಮೇಲೆ ಉರುಳಿದರೆ ಕೈಯಲ್ಲಿದ್ದ ಪುಸ್ತಕ ಬೀಳುತ್ತಿತ್ತು. ಮಂಚ ಹಿಡಿದ ಅಜ್ಜಿ ಒಳಗಿನಿಂದ ದಿನಾ ಸಂಜೆ, “ಕಲ್ಲು ಕೊಟ್ಟೇನಪಾ?” ಎಂದು ಕೇಳುತ್ತಿದ್ದಳು. ಬೇಸಿಗೆ ಬರುವ ಮೊದಲೇ ಅವಳು ತೀರಿಹೋದಳು. ಕಲ್ಲು ಎತ್ತಿದ ಸದ್ದನ್ನು ಕೇಳಿದ ಕಿವಿ ಲೋಕದಲ್ಲಿ ಒಂದೇ ಇತ್ತು.

ಏಳನೆಯ ಪಾಸಿಂಗಿಗೆ ಕಾಕಾ ಒಬ್ಬನೇ ಹೋಗಲು ಹೆದರಿದ. ನಾನು ಜೊತೆಗೆ ಹೋದೆ. ಮೈದಾನದಲ್ಲಿ ಗಾಡಿಗಳ ಸಾಲು. ನಮ್ಮ ಮುಂದೆ ನಾಲ್ಕು ಗಾಡಿ ಇದ್ದವು. ಕಾಕಾ ಇಂಡಿಕೇಟರ್ ಹಾಕಿ ಇಳಿದು ನೋಡಿ ಬಂದ. ಮತ್ತೆ ಹಾಕಿ ಮತ್ತೆ ಇಳಿದ.

“ಈ ಸಲ ಪಾಸ್ ಆದ್ರ ಮಾರಿಬಿಡ್ತೀನಿ,” ಎಂದ. “ಮುಕ್ಕುಂದದವ ಒಬ್ಬ ಕೇಳ್ಯಾನ. ಮರೆವು ಇದ್ದಾಂವ ಗಾಡಿ ಹೊಡಿಬಾರ್ದು.”

ಆಗ ಹೇಳಿದೆ. “ಕಾಕಾ, ನಿನಗ ಮರೆವಿಲ್ಲ. ಅವತ್ತ ನೀ ಕಲ್ಲು ಇಟ್ಟಿದ್ದಿ. ನಾ ತೆಗದು ಮೂಲ್ಯಾಗ ಇಟ್ಟೆ. ಅಜ್ಜಿ ಬ್ಯಾಡ ಅಂದ್ಲು. ನಾ ಕೇಳ್ಲಿಲ್ಲ.”

ಅವನು ನನ್ನನ್ನೇ ನೋಡಿದ. ಮುಂದಿನ ಗಾಡಿ ಸರಿದರೂ ನೋಡುತ್ತಲೇ ಇದ್ದ. ಆಮೇಲೆ ಅವನ ಮುಖದಲ್ಲಿ ನಗು ಬಂತು. ವರ್ಷದ ಮೇಲೆ ಬಂದ ನಗು.

“ಚೊಲೊ ಮಾತಾಡ್ತಿ ಬೇ ವಕೀಲವ್ವ. ಇವತ್ತ ಯಾವ ಚೀಟಿ ಬಂತು?”

“ಚೀಟಿ ಅಲ್ಲ ಕಾಕಾ. ಖರೇನ.”

“ಖರೇ ಇದ್ದಿದ್ರ ಅವತ್ತ ಹೇಳ್ತಿದ್ದಿ. ಈಗ ಗಾಡಿ ಮಾರ್ತೀನಿ ಅಂದೆ ನೋಡು, ನಿನ್ನ ಕರಳು ಚುರ್ ಅಂತು.”

“ಅಜ್ಜೀನ ಕೇಳ...” ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದೆ.

ಅವನು ನನ್ನ ತಲೆ ಸವರಿದ. “ಇರ್ಲಿ ಬಿಡವ್ವ. ಅಂದಿಯಲ್ಲ, ಅಷ್ಟ ಸಾಕು.” ಯಾವುದರ ಪರವಾಗಿಯೂ ಯಾವುದರ ವಿರೋಧವಾಗಿಯೂ ಮಾತಾಡಬಲ್ಲವಳು ಆ ಮೈದಾನದಲ್ಲಿ ಒಂದು ನಿಜಕ್ಕೆ ಸಾಕ್ಷಿ ಒದಗಿಸಲಾಗದೆ ಕೂತೆ. ಸಾಹೇಬರು ಕರೆದರು. ಬ್ರೇಕ್ ಎಳೆಯಿರಿ ಎಂದರು, ಕ್ಲಚ್ ಬಿಡಿ ಎಂದರು. ಜೀಪು ಗಕ್ಕನೆ ನಿಂತಿತು. ಪಾಸು.

ಮಸ್ಕಿಗೆ ಬಂದು ಏರಿನಲ್ಲಿ ನಿಲ್ಲಿಸಿದ. ಮೂಲೆಯಿಂದ ಕಲ್ಲು ತಂದು ಗಾಲಿಗೆ ಕೊಟ್ಟ. ಟಕ್ ಎಂದಿತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅವನು ಮೂರು ಹೆಜ್ಜೆ ನಡೆದು, ನಿಂತು, ತಿರುಗದೆಯೇ ಕೇಳಿದ:

“ಇಟ್ಟೆನೇನು?”

“ಇಟ್ಟಿ ಕಾಕಾ. ನಾ ನೋಡೀನಿ.”

“ಖರೇ ಹೇಳು.”

“ಖರೇನ ಇಟ್ಟಿ.”

ಅವನು ತಿರುಗಿ ನನ್ನ ಮುಖ ನೋಡಿದ. ಆಮೇಲೆ ವಾಪಸ್ ಹೋಗಿ, ಬಗ್ಗಿ, ಕಲ್ಲಿನ ಮೇಲೆ ಅಂಗೈಯಿಟ್ಟು ನೋಡಿದ.